ಭಟ್ಕಳದ ದಾರಿಯ ವಾಸನೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಆ ಮೂಗನ್ನು ನಂಬಿದ್ದಕ್ಕೇ ನಮ್ಮ ಕಾರು ಇವತ್ತು ಗುಜರಿಯಲ್ಲಿಲ್ಲ, ಅಂಗಳದಲ್ಲಿದೆ. ಇದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹೊನ್ನಾವರದಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ. ರವಿಕೆ, ಚೂಡಿದಾರ, ಶಾಲೆಯ ಯೂನಿಫಾರ್ಮು ಹೊಲಿದ ದುಡ್ಡಿನಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡೆ. ನನ್ನ ಕೈಗೆ ಬರುವ ಮೊದಲೇ ಅದು ನಾಲ್ಕೂರಿನ ನೀರು ಕುಡಿದು ಬಂದಿತ್ತು. ಒಂದು ಕಾಲದಲ್ಲಿ ಕೆಂಪಗಿದ್ದಿರಬೇಕು, ಉಪ್ಪುಗಾಳಿಗೆ ಬಣ್ಣ ಮಾಸಿ ಹಳೇ ಹಂಚಿನ ಹಾಗೆ ಕಾಣುತ್ತಿತ್ತು. ಡ್ರೈವಿಂಗ್ ಕಲಿತದ್ದೂ ಆಗಲೇ, ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ. ಶರಾವತಿ ಸೇತುವೆಯ ಮೇಲೆ ಮೊದಲ ಸಲ ಒಬ್ಬಳೇ ಗಾಡಿ ಓಡಿಸಿದ ದಿನ ಹಿಂದಿನ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆದ. ನಾನು ಆಚೆ ದಡ ಮುಟ್ಟುವವರೆಗೂ ಎರಡನೇ ಗೇರು ಬಿಡಲಿಲ್ಲ. ಅವನಿಗೆ ಅವಸರವಿದ್ದರೆ ಅದು ಅವನ ಕಷ್ಟ.

ಕಾರು ಕೊಂಡದ್ದು ಮುಖ್ಯವಾಗಿ ಒಂದೇ ಕೆಲಸಕ್ಕೆ. ಅವ್ವಿಯನ್ನು, ಅಂದರೆ ನನ್ನ ತಾಯಿಯನ್ನು, ಪ್ರತಿ ಭಾನುವಾರ ಭಟ್ಕಳಕ್ಕೆ ಕರೆದುಕೊಂಡು ಹೋಗುವುದಕ್ಕೆ. ಅಲ್ಲಿ ಅವಳ ತಂಗಿ ಇದ್ದಾಳೆ, ನನ್ನ ಚಿಕ್ಕಿ. ಇಬ್ಬರೂ ಕುಮಟಾ ಹತ್ತಿರದ ಬಾಡದಲ್ಲಿ ಹುಟ್ಟಿದವರು. ಮದುವೆಗೆ ಮೊದಲು ಇಬ್ಬರೂ ಸೇರಿ ತಲೆಯ ಮೇಲೆ ಬುಟ್ಟಿ ಹೊತ್ತು ಕುಮಟಾದ ಕೇರಿಕೇರಿಗಳಲ್ಲಿ ಮೀನು ಮಾರಿದವರು. ಅವ್ವಿ ಬೀದಿಯ ಈ ಬದಿ, ಚಿಕ್ಕಿ ಆ ಬದಿ, ನಡುವೆ ಬೊಬ್ಬೆ. ಆಮೇಲೆ ಒಬ್ಬಳು ಈ ಊರಿಗೆ, ಇನ್ನೊಬ್ಬಳು ಆ ಊರಿಗೆ ಮದುವೆಯಾಗಿ ಹೋದರೂ ಬುಟ್ಟಿ ಮಾತ್ರ ಇಬ್ಬರ ತಲೆಯಿಂದಲೂ ಇಳಿಯಲಿಲ್ಲ. ಈಗ ಅವ್ವಿಗೆ ಮಂಡಿನೋವು, ನಮ್ಮ ಜೊತೆಗೇ ಇರುತ್ತಾಳೆ. ಚಿಕ್ಕಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಫೋನಿನಲ್ಲಿ ಮಾತಾಡಿಸೋಣವೆಂದರೆ ಇಬ್ಬರಿಗೂ ಕಿವಿ ಮಂದ. ಈ ಕಡೆಯಿಂದ “ಎಂತ?”, ಆ ಕಡೆಯಿಂದ “ಎಂತ?”, ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದು ಅವ್ವಿಯಿಂದ ಆಗದ ಮಾತು. ಹೀಗಾಗಿ ನನ್ನ ಹಂಚಿನ ಬಣ್ಣದ ಕಾರೊಂದೇ ಆ ಇಬ್ಬರು ಮುದುಕಿಯರ ನಡುವೆ ಉಳಿದಿದ್ದ ದಾರಿ.

ಕಾರು ಬಂದ ಹೊಸದರಲ್ಲಿ ಆ ಭಾನುವಾರಗಳು ಎಷ್ಟು ಚಂದ ಇದ್ದವು! ನಾವು ಹೋಗುವಷ್ಟರಲ್ಲಿ ಚಿಕ್ಕಿ ಬಾಚಿಕೊಂಡು, ಹೂ ಮುಡಿದು, ವಾಕರ್ ಹಿಡಿದುಕೊಂಡು ಜಗಲಿಗೆ ಬಂದು ಕೂತಿರುತ್ತಿದ್ದಳು. ಅಕ್ಕತಂಗಿ ಒಬ್ಬರಿಗೊಬ್ಬರು ಎಲೆಅಡಿಕೆ ಮಡಚಿ ಕೊಟ್ಟು ಮಾತಿಗೆ ಕೂತರೆಂದರೆ ನನ್ನ ಅಗತ್ಯ ಯಾರಿಗೂ ಇರುತ್ತಿರಲಿಲ್ಲ.

ಆಮೇಲೆ ವಾಸನೆ ಬಂತು.

ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಅಪ್ಸರಕೊಂಡದ ತಿರುವು ದಾಟಿದ ಮೇಲೆ. ಮುಂದೆ ಹೋಗುತ್ತಿದ್ದ ಪ್ರವಾಸಿಗರ ವ್ಯಾನಿನದ್ದಿರಬೇಕೆಂದು ಅದನ್ನು ಹಿಂದೆ ಹಾಕಿದೆ. ವ್ಯಾನು ಹಿಂದೆ ಉಳಿಯಿತು, ವಾಸನೆ ನಮ್ಮ ಜೊತೆಯೇ ಬಂತು. ಹಸಿ ಪೆಟ್ರೋಲಿನ ವಾಸನೆ, ಗಂಟಲಿಗೆ ಇಳಿದು ಕೂರುವಂಥದ್ದು. ಮಂಕಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅವ್ವಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುರ್ಡೇಶ್ವರದ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಅವಳ ಬೆನ್ನು ಸವರಿದೆ. ಮುಂದಿನ ಭಾನುವಾರವೂ ಹಾಗೇ ಆಯಿತು, ಅದರ ಮುಂದಿನದೂ ಹಾಗೇ. ಚಿಕ್ಕಿಯ ಮನೆ ಮುಟ್ಟುವಷ್ಟರಲ್ಲಿ ಅವ್ವಿ ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. ಚಿಕ್ಕಿ ಮಂಚದ ಮೇಲೆ, ಅವ್ವಿ ಕೆಳಗೆ ಚಾಪೆಯ ಮೇಲೆ, ಇಬ್ಬರೂ ಮಾಡಿನ ಹಂಚು ನೋಡುತ್ತ ಮಲಗುವುದು, ಸಂಜೆಯಾದ ಮೇಲೆ ಎದ್ದು ಹೊರಡುವುದು. ನೋಡುತ್ತ ನೋಡುತ್ತ ನನಗೆ ಅಳುವೇ ಬರುತ್ತಿತ್ತು. ಅಳು ಬಂದಾಗಲೆಲ್ಲ ನಾನು ಬೈಯುವವಳು, ಹಾಗಾಗಿ ಕಾರಿಗೆ ಬೈದೆ.

ಗಂಡನಿಗೆ ಹೇಳಿದರೆ ಅವರು ಸ್ಟೇರಿಂಗಿನ ಹತ್ತಿರ ಮುಖ ತಂದು ಜೋರಾಗಿ ಉಸಿರೆಳೆದು, “ಎಂತ ವಾಸ್ನೆ ಮಾರಾಯ್ತಿ? ನಂಗೆಂತದೂ ಬರೂದಿಲ್ಲ” ಎಂದರು.

ಅವರಿಗೆ ಬರುವುದಾದರೂ ಹೇಗೆ? ಕೊರೋನಾ ಬಂದು ಹೋದಾಗ ಅವರ ಮೂಗಿನಿಂದ ವಾಸನೆಯೂ ಎದ್ದು ಹೋದದ್ದು ತಿರುಗಿ ಬಂದಿಲ್ಲ. ಒಲೆಯ ಮೇಲೆ ಸಾರು ಹೊತ್ತಿದರೂ ಅದರ ಪಕ್ಕದಲ್ಲೇ ಕೂತು ಪೇಪರ್ ಓದುವ ಮನುಷ್ಯ. ಅಂಥವರು ನನ್ನ ಮೂಗಿಗೆ ಸರ್ಟಿಫಿಕೇಟು ಕೊಡುವುದು!

ಅವರು ಮೊದಲು ಹೊಳೆಯಾಚೆಯ ಕಾಸರಕೋಡದ ದಕ್ಕೆಯಿಂದ ಹೊರಡುವ ಮೀನುಗಾರಿಕೆ ಬೋಟಿನಲ್ಲಿ ಡ್ರೈವರ್ ಆಗಿದ್ದರು. ಈಗ ದಡದಲ್ಲೇ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದಾರೆ. ಒಳ್ಳೆಯವರು, ಆದರೆ ಬೋಟಿನ ರೂಢಿಗಳನ್ನೆಲ್ಲ ಕಾರಿಗೂ ತಂದು ಹಚ್ಚುವವರು. ದಿನಾ ಬೆಳಿಗ್ಗೆ ಬೋಟಿನ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದವರು ಈಗ ಕಾರಿನೊಳಗೆ, ಡ್ಯಾಶ್‌ಬೋರ್ಡಿನ ಮೇಲಿರುವ ಪುಟ್ಟ ಗಣಪತಿಯ ಮುಂದೆ ಹಚ್ಚುತ್ತಾರೆ. ಶನಿವಾರ ಸಂಜೆ ಕಾರನ್ನು ಪಂಪಿಗೆ ಒಯ್ದು ಟ್ಯಾಂಕ್ ತುಂಬಿಸಿಕೊಂಡು ಬರುವುದೂ ಅವರದೇ ಕೆಲಸ. ಸಮುದ್ರದ ನಡುವೆ ಪಂಪ್ ಇಲ್ಲ, ಹೊರಡುವ ಮೊದಲು ಟ್ಯಾಂಕ್ ತುಂಬಿರಬೇಕು ಎನ್ನುವುದು ಅವರ ವಾದ. ಹೊನ್ನಾವರದಿಂದ ಭಟ್ಕಳಕ್ಕೆ ಸಮುದ್ರ ದಾಟಬೇಕಾಗಿಲ್ಲ, ದಾರಿಯುದ್ದಕ್ಕೂ ಪಂಪ್ ಇವೆ ಎಂದರೆ ಕೇಳುವವರಲ್ಲ.

ವಾಸನೆಗೆ ಮನೆಮದ್ದು ಶುರುವಾಯಿತು. ನಿಂಬೆಹಣ್ಣು ಹೆಚ್ಚಿ ಇಟ್ಟೆ. ಸೀಟಿನ ಕೆಳಗೆ ಕಾಫಿಪುಡಿಯ ಗಂಟು ಇಟ್ಟೆ. ಅಂಗಡಿಯಿಂದ ಡಾಂಬರು ಗುಳಿಗೆ ತಂದು ಡಿಕ್ಕಿಯಲ್ಲಿ ಹಾಕಿದೆ. ಗಂಡ ನನ್ನ ಸಮಾಧಾನಕ್ಕೆಂದು ಒಂದು ಊದಿನಕಡ್ಡಿಯ ಜಾಗದಲ್ಲಿ ಮೂರು ಹಚ್ಚಿದರು. ಈಗ ಕಾರಿನಲ್ಲಿ ಪೆಟ್ರೋಲು, ನಿಂಬೆ, ಕಾಫಿ, ಡಾಂಬರು, ಗಂಧ ಎಲ್ಲ ಸೇರಿ ನನಗೂ ಹೊಟ್ಟೆ ತೊಳಸತೊಡಗಿತು. ಅವ್ವಿ ಒಂದೇ ಮಾತು ಹೇಳಿದಳು. “ಹಳಸಿದ ಮೀನಿನ್ಮೇಲೆ ಗಂಧ ಚಿಮುಕ್ಸೂಕೆ ನಾವ್ಯಾವಾಗೂ ಹೋಗ್ಲಿಲ್ಲ. ಮೀನು ತೆಗ್ದು ಬಿಸಾಡ್ಬೇಕು.”

ಬಿಸಾಡಬೇಕಾದ ಮೀನು ಯಾವುದೆಂದು ಹುಡುಕುವುದಕ್ಕೆ ಕುಮಟಾದ ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ಅವ್ವಿಯ ತವರಿನ ಕಡೆಯ ಪರಿಚಯದವನು, ಅವನ ತಾಯಿ ಅವ್ವಿಯ ಖಾಯಂ ಗಿರಾಕಿಯಾಗಿದ್ದವರು. ಕೆಲಸ ಬಲ್ಲವನು, ಸುಳ್ಳು ಹೇಳುವವನಲ್ಲ. ಬಾನೆಟ್ ಎತ್ತಿ ನೋಡಿದ, ಗಾಡಿಯ ಕೆಳಗೆ ನುಗ್ಗಿ ನೋಡಿದ, ಪೇಟೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದ. “ಎಂತದೂ ವಾಸ್ನೆ ಇಲ್ಲ ಅಕ್ಕ” ಎಂದ. ನಾನೂ ಒಳಗೆ ಕೂತು ಮೂಸಿದೆ. ನಿಜಕ್ಕೂ ಇರಲಿಲ್ಲ! ಆದರೂ ಎಂಜಿನ್ನಿನ ಹತ್ತಿರದ ಹಳೇ ರಬ್ಬರ್ ಪೈಪು ಬದಲಾಯಿಸಿ ಕಳಿಸಿದ. ಭಾನುವಾರ ವಾಸನೆ ಮತ್ತೆ ಹಾಜರ್. ಎರಡನೇ ಸಲ ಹೋದಾಗ ಟ್ಯಾಂಕಿನ ಮುಚ್ಚಳ ಬದಲಾಯಿಸಿದ. ಭಾನುವಾರ ಮತ್ತೆ ಅದೇ ಕತೆ. ಮೂರನೇ ಸಲ ಅವನು ಪಾಪ, ನನ್ನ ಮುಖ ನೋಡಿ ಚಹಾ ತರಿಸಿದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಗಾಡಿಯನ್ನು ಗ್ಯಾರೇಜಿಗೆ ಬಿಡುವಾಗ ಯಾರೂ ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟು ಬಿಡುವುದಿಲ್ಲ. ಯಾರಾದರೂ ತೆಗೆದುಕೊಂಡಾರೆಂಬ ಅನುಮಾನ. ಆ ಗ್ಯಾರೇಜಿನವನು ಕದಿಯುವವನಲ್ಲವೆಂದು ಗೊತ್ತಿದ್ದರೂ ಬಿಡುವುದಿಲ್ಲ, ಅದು ಅಭ್ಯಾಸ. ನನ್ನ ಗಂಡ ಪ್ರತಿ ಸಲ ಟ್ಯಾಂಕಿಗೆ ಪೈಪು ಇಳಿಸಿ, ಬಾಯಲ್ಲಿ ಎಳೆದು, ಕ್ಯಾನಿಗೆ ಬಸಿದು ತಮ್ಮ ಸ್ಕೂಟರಿಗೆ ಹಾಕಿಕೊಳ್ಳುತ್ತಿದ್ದರು. ಕುಮಟಾ ಮುಟ್ಟುವುದಕ್ಕೆ ಎಷ್ಟು ಬೇಕೋ ಅಷ್ಟೇ ಉಳಿಸುತ್ತಿದ್ದರು. ಹಳದಿ ದೀಪ ಉರಿಸಿಕೊಂಡೇ ನಾನು ಗ್ಯಾರೇಜಿನ ಗೇಟಿನೊಳಗೆ ಹೋಗುತ್ತಿದ್ದೆ. ಇದರಲ್ಲಿ ತಪ್ಪೇನಿದೆ ಎಂದು ನನಗೂ ಅನಿಸಿರಲಿಲ್ಲ, ಬದಲಿಗೆ ಗಂಡ ಎಷ್ಟು ಹುಷಾರು ಎಂದೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಮನೆಯಲ್ಲಿ ನಾನು ತಮಾಷೆಯ ವಸ್ತುವಾಗಿದ್ದೆ. ಬಟ್ಟೆ ತರಲು ವಾರದ ನಡುವೆ ಕುಮಟಾಕ್ಕೆ ಹೋದರೆ ವಾಸನೆ ಇಲ್ಲ, ಗ್ಯಾರೇಜಿಗೆ ಹೋದರೆ ವಾಸನೆ ಇಲ್ಲ, ಭಾನುವಾರ ಭಟ್ಕಳಕ್ಕೆ ಹೊರಟರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. “ಬಡಗು ದಿಕ್ಕಿಗೆ ಹೋದ್ರೆ ಸಮಾ ಅದೆ, ತೆಂಕು ದಿಕ್ಕಿಗೆ ಹೋದ್ರೆ ನಾರ್ತದೆ. ಕಾರಿಗೆ ಭಟ್ಕಳ ಆಗೂದಿಲ್ಲ, ಮತ್ತೆಂತ?” ಎಂದು ಗಂಡ ನಗುತ್ತಿದ್ದರು. ಅವರ ಪ್ರಕಾರ ವಾಸನೆ ನಮ್ಮಿಬ್ಬರ ತಲೆಯಲ್ಲಿತ್ತು. ತಾಯಿಗೆ ವಾಂತಿಯ ಹೆದರಿಕೆ, ಮಗಳಿಗೆ ತಾಯಿಯ ಹೆದರಿಕೆ, ಅಷ್ಟೇ. ಆದರೆ ಒಂದು ದಿನ ನಗು ಬಿಟ್ಟು ಹೇಳಿದರು. “ಹಳೇ ಗಾಡಿ. ರಿಪೇರಿಗೆ ಹಾಕಿದ್ದು ಸಾಕು. ಚೌತಿ ಮುಗಿದ್ಮೇಲೆ ಗುಜ್ರಿಯವ್ರು ಬತ್ರು. ಕೊಟ್ಟು ಮುಗ್ಸುವಾ.”

ನಾನು ಜಗಳಕ್ಕೆ ಸೊಂಟ ಕಟ್ಟುವಷ್ಟರಲ್ಲಿ ಒಳಗಿನಿಂದ ಅವ್ವಿಯ ದನಿ ಬಂತು. “ಕೊಡಿ. ನಾ ಇನ್ನು ಭಟ್ಕಳಕ್ಕೆ ಹೋಗೂದಿಲ್ಲ.”

ಅವಳು ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಸೋತು ಹೇಳಿದ್ದಳು. ಆ ಭಾನುವಾರ ನಾವು ಹೋಗಲಿಲ್ಲ. ಚಿಕ್ಕಿ ಫೋನ್ ಮಾಡಿದಳು. ಅವ್ವಿ ನಾಲ್ಕೈದು ಸಲ “ಎಂತ?” ಎಂದು ಕೂಗಿ, ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. “ಜಗ್ಲಿ ಮೇಲೆ ಕೂತ್ಕಂಡಿದ್ದೆ ಮಗಾ, ಕಾರ್ ಬರೂದೇ ನೋಡ್ತಾ” ಎಂದಳು ಚಿಕ್ಕಿ. ಹೂ ಮುಡಿದುಕೊಂಡಿದ್ದಳೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅವತ್ತು ನಿರ್ಧಾರ ಮಾಡಿದೆ. ಗುಜರಿಯವರು ಬರುವುದರೊಳಗೆ ಆ ವಾಸನೆಯ ಜುಟ್ಟು ಹಿಡಿದು ಹೊರಗೆ ಎಳೆಯದಿದ್ದರೆ ನಾನು ಬಾಡದ ಮೀನುಗಾರ್ತಿಯ ಮಗಳೇ ಅಲ್ಲ.

ಅವ್ವಿಯ ಹತ್ತಿರ ಹೋಗಿ ಕೂತೆ. “ಬುಟ್ಟಿಲಿ ಎಲ್ಲೋ ಒಂದು ಮೀನು ಹಾಳಾಗಿದ್ರೆ ನೀ ಹ್ಯಾಂಗೆ ಹುಡುಕ್ತಿದ್ದೆ?” ಎಂದು ಕೇಳಿದೆ.

ಬಹಳ ದಿನಗಳ ಮೇಲೆ ಅವಳ ಕಣ್ಣಿಗೆ ಸ್ವಲ್ಪ ಜೀವ ಬಂತು. “ಮೂಗು ಹಿಡ್ಕಂಡು ಬುಟ್ಟಿ ಸುತ್ತ ತಿರುಗೂದಲ್ಲ. ಮೂಗು ಬೇಗ ಸೋತು ಹೋತದೆ. ನಿನ್ನೆ ವಾಸ್ನೆ ಇಲ್ಲ, ಇವತ್ತದೆ ಅಂದ್ರೆ, ಇವತ್ತು ಬುಟ್ಟಿಗೆ ಬಂದದ್ದು ಯಾವ್ದು ಅಂತ ಮೊದ್ಲು ನೋಡ್ಬೇಕು. ಅದನ್ನ ಬೇರೆ ಇಟ್ಟು, ಗೋಣಿ ಮುಚ್ಚಿ, ಸುಮ್ನೆ ಆಚೆ ಹೋಗ್ಬೇಕು. ಬಂದು ಗೋಣಿ ಎತ್ತಿದ ಕೂಡ್ಲೆ ಗೊತ್ತಾತದೆ.”

ನಾನು ಕಾರನ್ನು ಬುಟ್ಟಿ ಅಂದುಕೊಂಡೆ. ಭಾನುವಾರದ ಬುಟ್ಟಿಯಲ್ಲಿ ಇರುವಂಥದ್ದು, ಬೇರೆ ದಿನದ ಬುಟ್ಟಿಯಲ್ಲಿ ಇಲ್ಲದ್ದು ಯಾವುದು? ಅವ್ವಿ. ಚಿಕ್ಕಿಗೆಂದು ಮಾಡಿದ ಅಡುಗೆಯ ಡಬ್ಬಿ. ಡಿಕ್ಕಿಯಲ್ಲಿ, ಮಂಡಿನೋವಿನ ಅವ್ವಿಗೆ ಕೂರಲೆಂದು ಒಯ್ಯುವ ಮಡಚುವ ಕುರ್ಚಿ. ಒಂದೊಂದಾಗಿ ತಂದು ಕಾರಿನಲ್ಲಿಟ್ಟು, ಗಾಜು ಏರಿಸಿ, ಆಚೆ ಹೋಗಿ ಒಂದು ರವಿಕೆಗೆ ಹುಕ್ಕು ಹಾಕಿ ಬಂದು ಬಾಗಿಲು ತೆಗೆದು ಮೂಸಿದೆ. ನಿಂಬೆ, ಕಾಫಿ, ಗುಳಿಗೆ ಎಲ್ಲ ಅದಕ್ಕೆ ಮೊದಲೇ ತೆಗೆದು ಎಸೆದಿದ್ದೆ. ಗಂಡನಿಗೆ ಊದಿನಕಡ್ಡಿ ಹಚ್ಚಕೂಡದೆಂದು ತಾಕೀತು ಮಾಡಿದ್ದೆ. ಅಕ್ಕಪಕ್ಕದವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಅವ್ವಿಯನ್ನೇ ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿ ನಾನು ಆಚೆ ಹೋದಾಗ ಅವರಿಗೆ ನನ್ನ ತಲೆ ಕೆಟ್ಟದ್ದು ಖಾತ್ರಿಯಾಯಿತು. ಒಳಗೆ ಅವ್ವಿ ಮುಖ ಗಂಟು ಹಾಕಿಕೊಂಡು ಕೂತಿದ್ದಳು, ಪೆಟ್ರೋಲಿನ ವಾಸನೆ ಮಾತ್ರ ಎಲ್ಲೂ ಇರಲಿಲ್ಲ.

ಬುಟ್ಟಿ ಖಾಲಿಯಾಯಿತು, ಮೀನು ಸಿಗಲಿಲ್ಲ.

ಶನಿವಾರ ಸಂಜೆ ಗಂಡ ಅಭ್ಯಾಸಬಲದಿಂದ ಕಾರಿನ ಕೀಲಿ ತೆಗೆದುಕೊಂಡರು. ನಾಳೆ ಹೋಗುವುದೇ ಇಲ್ಲವಲ್ಲ, ಯಾಕೆ ಎಂದು ಕೇಳಬೇಕೆಂದಿದ್ದವಳು ಯಾಕೋ ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತೆ. ಅವರು ಟ್ಯಾಂಕ್ ತುಂಬಿಸುವುದನ್ನು ನಾನು ಅದುವರೆಗೆ ಕಣ್ಣಾರೆ ಕಂಡೇ ಇರಲಿಲ್ಲ. ಪಂಪಿನ ಹಿಡಿ ಟಕ್ ಎಂದು ನಿಂತಿತು. ನಾನಾಗಿದ್ದರೆ ಅಲ್ಲಿಗೆ ಮುಗಿಯಿತು. ಅವರು, “ಇನ್ನೂ ಹಾಕಿ, ಇನ್ನೂ ಹಾಕಿ” ಎಂದರು. ಆಮೇಲೆ ಕಾರಿನ ಹಿಂಬದಿಗೆ ಹೋಗಿ, ಎರಡೂ ಕೈಯಲ್ಲಿ ಗಾಡಿಯನ್ನು ಜೋಲಿಯಂತೆ ಅಲ್ಲಾಡಿಸಿದರು. ಒಳಗಿನಿಂದ ಗುಳುಗುಳು ಎಂದು ಗಾಳಿ ಮೇಲೆ ಬಂತು. ಆ ಜಾಗಕ್ಕೂ ಪೆಟ್ರೋಲ್ ಬಿತ್ತು. ಕೊನೆಗೆ ಬಗ್ಗಿ ನೋಡಿ, ಕೊರಳಲ್ಲಿ ಪೆಟ್ರೋಲ್ ಹೊಳೆಯುವುದು ಕಂಡ ಮೇಲೆಯೇ “ಈಗ ಆತು” ಎಂದು ಮುಚ್ಚಳ ತಿರುಗಿಸಿದರು.

ಅವರು ಮುಚ್ಚಳ ತಿರುಗಿಸಿದ ಹಾಗೇ ನನ್ನ ತಲೆಯಲ್ಲಿ ಏನೋ ಬಿಚ್ಚಿಕೊಂಡಿತು. ಭಾನುವಾರದ ಬುಟ್ಟಿಯಲ್ಲಿ ಮಾತ್ರ ಇರುವಂಥದ್ದು! ಕಾರಿಗೆ ಭಟ್ಕಳದ ಮೇಲೆ ಸಿಟ್ಟಿರಲಿಲ್ಲ. ಭಟ್ಕಳಕ್ಕೆ ಹೋಗುವಾಗ ಟ್ಯಾಂಕ್ ಕೊರಳವರೆಗೆ ತುಂಬಿರುತ್ತಿತ್ತು. ವಾರದ ನಡುವೆ ನಾನು ಕುಮಟಾಕ್ಕೆ ಹೋಗುವಷ್ಟರಲ್ಲಿ ಇಳಿದಿರುತ್ತಿತ್ತು. ಗ್ಯಾರೇಜಿಗೆ ಹೋಗುವಾಗ ನಾವೇ ಕೈಯಾರೆ ಬಸಿದು ತೆಗೆದಿರುತ್ತಿದ್ದೆವು. ಜ್ವರ ಬಂದವನಿಗೆ ಜ್ವರ ಇಳಿಸಿ ಇಳಿಸಿ ಡಾಕ್ಟರ ಹತ್ತಿರ ಕರೆದೊಯ್ದರೆ ಡಾಕ್ಟರು ಹೇಳುವುದಾದರೂ ಏನು?

“ಸೋಮವಾರ ಗ್ಯಾರೇಜಿಗೆ ಹೋಗೂದು. ಹೀಂಗೇ, ತುಂಬ್ಸ್ಕೊಂಡೇ” ಎಂದೆ.

ಗಂಡ ನನ್ನನ್ನು ನೋಡಿದ ನೋಟ ನೋಡಬೇಕಿತ್ತು. ಚಿನ್ನದ ಸರ ಬಿಚ್ಚಿ ಬಸ್‌ಸ್ಟ್ಯಾಂಡಿನಲ್ಲಿಟ್ಟು ಬರುತ್ತೇನೆಂದು ಹೇಳಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. “ತುಂಬಿದ ಟ್ಯಾಂಕು ಗ್ಯಾರೇಜಿಗಾ? ನಿಂಗೆ ಎಂತ ಆಯ್ದೆ?”

“ಬೇಕಾದ್ರೆ ನೀವೂ ಬನ್ನಿ, ಟ್ಯಾಂಕಿನ ಪಕ್ಕ ಕಾವಲು ಕೂತ್ಕಳಿ.”

ಅವರು ನಿಜವಾಗಿಯೂ ಬಂದರು. ಅದಕ್ಕಿಂತ ದೊಡ್ಡದು, ಅವ್ವಿಯೂ ಬಂದಳು. ಬೇಡವೆಂದರೂ ಕೇಳಲಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು, ಕಾಲಿನ ಹತ್ತಿರ ನೀರಿನ ಬಾಟಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. “ಹಾಳಾದ್ದು ಎಲ್ಲಿದೆ ಅಂತ ನಾನೇ ಹೇಳ್ತೆ” ಎಂದಳು. ಆ ಕ್ಷಣ ನನಗೆ ಅವಳ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಬುಟ್ಟಿ ಹೊತ್ತು ಹೊರಟ ಹಳೇ ಅವ್ವಿಯೇ ನನ್ನ ಹಿಂದೆ ಕೂತ ಹಾಗಿತ್ತು.

ಹೊರಡುವ ಮೊದಲು ಪಂಪಿಗೆ ಹೋಗಿ ಗಂಡನ ಕೈಯಿಂದಲೇ ಮತ್ತೆ ಕೊರಳುಮಟ್ಟ ಮಾಡಿಸಿದೆ. ಈ ಸಲ ಬಡಗು ದಿಕ್ಕಿಗೆ, ಕುಮಟಾದ ಕಡೆಗೆ. ಹಳದಿಪುರ ದಾಟಿತು, ಏನೂ ಇಲ್ಲ. ಗಂಡ ಶಿಳ್ಳೆ ಹಾಕತೊಡಗಿದರು. ನನ್ನ ಲೆಕ್ಕಾಚಾರ ತಪ್ಪಾದರೆ ಕಾರೂ ಹೋಯಿತು, ಭಾನುವಾರವೂ ಹೋಯಿತು. ಧಾರೇಶ್ವರದ ಹತ್ತಿರ ರಸ್ತೆ ಕಿತ್ತುಹೋದ ಕಡೆ ಗಾಡಿ ಎತ್ತಿ ಕುಕ್ಕಿತು. ಅದಾಗಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅವ್ವಿ ಕೂಗಿದಳು.

“ಬಂತು!”

ನನ್ನ ಮೂಗಿಗೂ ಬಂತು. ಹಸಿ ಪೆಟ್ರೋಲು! ಅಷ್ಟು ಕೆಟ್ಟ ವಾಸನೆಗೆ ಅಷ್ಟು ಖುಷಿಪಟ್ಟವರು ಕುಮಟಾ ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಹಾರ್ನ್ ಬಾರಿಸಿದೆ. ಅವ್ವಿ ಒಂದು ಕೈಯಲ್ಲಿ ಚೀಲ ಬಾಯಿಗೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ತಾನು ಕೂತ ಸೀಟನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದಳು. ಕೆಳಗೆ, ಇಲ್ಲೇ ಕೆಳಗೆ! ಗಂಡ ಶಿಳ್ಳೆ ನಿಲ್ಲಿಸಿ ಒಮ್ಮೆ ನನ್ನ ಮುಖ, ಒಮ್ಮೆ ಅವ್ವಿಯ ಮುಖ ನೋಡಿದರು. ಇಬ್ಬರು ಹೆಂಗಸರು ಒಟ್ಟಿಗೆ ಹುಚ್ಚರಾಗುವುದು ಸಾಧ್ಯವಿಲ್ಲವೆಂದು ಅವರಿಗೂ ಅನಿಸಿರಬೇಕು. ಎಲ್ಲ ಗಾಜು ಇಳಿಸಿದೆವು, ಉಳಿದ ದಾರಿಯನ್ನು ಗಾಳಿಗೆ ಮುಖ ಕೊಟ್ಟುಕೊಂಡೇ ಮುಗಿಸಿದೆವು.

ಗ್ಯಾರೇಜಿನವನು ಬಾಗಿಲು ತೆಗೆದವನೇ ಹಿಂದೆ ಸರಿದ. “ಅಯ್ಯೋ ಅಕ್ಕ, ಇಷ್ಟೆಲ್ಲಾ ವಾಸ್ನೆ ಎಲ್ಲಿತ್ತು ಇಷ್ಟು ದಿನ?” ಎಂದ. ಹಿಂದಿನ ಸೀಟು ಕಿತ್ತು ಹೊರಗಿಟ್ಟ. ಅದರ ಕೆಳಗಿನ ಕಾರ್ಪೆಟ್ ಎತ್ತಿದ. ಒಂದು ದುಂಡನೆಯ ತಗಡಿನ ಮುಚ್ಚಳ ಇತ್ತು. ಅದನ್ನು ಬಿಚ್ಚಿದರೆ ಕೆಳಗೇ ಟ್ಯಾಂಕಿನ ನೆತ್ತಿ. ಅಲ್ಲಿ ಪೆಟ್ರೋಲ್ ಎಳೆಯುವ ಮೋಟಾರು ಕೂರಿಸಿದ ಜಾಗದ ಸುತ್ತ ಒಂದು ರಬ್ಬರ್ ಬಳೆ. ವಯಸ್ಸಾಗಿ ಕಲ್ಲಿನಂತೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಅದರ ಸುತ್ತಲೂ ಪೆಟ್ರೋಲ್ ಒಸರಿ ಹಸಿಹಸಿಯಾಗಿತ್ತು. ಪೆಟ್ರೋಲು ಆ ಎತ್ತರಕ್ಕೆ ಬಂದರೆ ಮಾತ್ರ ಒಸರುವುದು, ಸ್ವಲ್ಪ ಇಳಿದರೂ ಸಾಕು, ಒಣಗಿ ಸಾಧುವಾಗಿಬಿಡುವುದು. ಖಾಲಿ ಟ್ಯಾಂಕಿನ ಗಾಡಿಯನ್ನು ಅವನು ಇನ್ನೂ ಹತ್ತು ಸಲ ನೋಡಿದ್ದರೂ ಸಿಗುತ್ತಿರಲಿಲ್ಲ.

ನಾನು ಗಂಡನ ಕಡೆ ತಿರುಗಿದೆ. ಎಷ್ಟು ದಿನದಿಂದ ಕೂಡಿಟ್ಟ ಮಾತುಗಳಿದ್ದವು! ಅಷ್ಟರಲ್ಲಿ ಗ್ಯಾರೇಜಿನವನು ಡ್ಯಾಶ್‌ಬೋರ್ಡಿನ ಮೇಲಿನ ಬೂದಿ ನೋಡಿದ್ದ. “ಇದ್ರೊಳಗೆ ಊದಿನಕಡ್ಡಿ ಹಚ್ತಿದ್ರಾ?” ಎಂದು ಮೆಲ್ಲಗೆ ಕೇಳಿದ.

ಮುಂದೆ ಮೂರು ಕಿಡಿ, ಹಿಂದೆ ಅವ್ವಿ, ಅವಳ ಕೆಳಗೆ ಒಸರುವ ಪೆಟ್ರೋಲು. ನಾನು ಅಲ್ಲಿದ್ದ ಟಯರಿನ ಮೇಲೆ ಕೂತುಬಿಟ್ಟೆ. ನನ್ನ ಗಂಡ ಹೋಗಿ ಗಣಪತಿಯ ಮುಂದಿನ ಊದಿನಕಡ್ಡಿ ಸಿಕ್ಕಿಸುವ ಸ್ಟ್ಯಾಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಅವ್ವಿಯ ಹತ್ತಿರ ಬಂದು, “ನಿಮ್ಗೆ ಸುಮಾರು ತ್ರಾಸು ಕೊಟ್ಟೆ” ಎಂದರು. ಅಳಿಯನ ಬಾಯಲ್ಲಿ ಆ ಮಾತು ಕೇಳಿ ಅವ್ವಿಗೇ ನಾಚಿಕೆಯಾಗಿ, ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

ಹೊಸ ರಬ್ಬರ್ ಬಳೆ ಕೂತಿತು. ಟ್ಯಾಂಕನ್ನು ಮತ್ತೊಮ್ಮೆ ತುಂಬಿಸಿ, ಧಾರೇಶ್ವರದ ಕಿತ್ತ ರಸ್ತೆಯಲ್ಲಿ ಬೇಕೆಂದೇ ಗಾಡಿ ಕುಕ್ಕಿ ಪರೀಕ್ಷೆ ಮಾಡಿದೆವು. ಅವ್ವಿ ಕಣ್ಣುಮುಚ್ಚಿ ಮೂಗರಳಿಸಿ ಕೂತಿದ್ದಳು. “ಆತು, ಬಿಡು” ಎಂದಳು. ಗುಜರಿಯವರಿಗೆ ಬರಬೇಡಿರೆಂದು ಗಂಡನೇ ಫೋನ್ ಮಾಡಿದರು. ಪಕ್ಕದಲ್ಲೇ ನಿಂತು ನಾನು ಪೂರ್ತಿ ಕೇಳಿಸಿಕೊಂಡೆ, ಅಷ್ಟು ಹಕ್ಕು ನನಗಿತ್ತು. ಆಮೇಲೆ ಟ್ಯಾಂಕ್ ತುಂಬಿಸುವ ಕೆಲಸ ನನ್ನ ಕೈಗೆ ಬಂತು. ಟಕ್ ಎಂದರೆ ನಿಲ್ಲಿಸುತ್ತೇನೆ.

ಆ ಭಾನುವಾರ ಅಪ್ಸರಕೊಂಡ ದಾಟಿತು, ಮಂಕಿ ದಾಟಿತು. ಮುರ್ಡೇಶ್ವರದ ಕ್ರಾಸಿನಲ್ಲಿ ರೂಢಿಯಂತೆ ಗಾಡಿ ನಿಧಾನ ಮಾಡಿದರೆ, “ಯಾಕೆ ನಿಲ್ಸ್ತೆ? ಹೋಗು” ಎಂದು ಅವ್ವಿ ಗದರಿದಳು. ಭಟ್ಕಳದಲ್ಲಿ ಚಿಕ್ಕಿ ಜಗಲಿಯಲ್ಲಿದ್ದಳು. ಹೂ ಮುಡಿದಿದ್ದಳು. ಅವ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ, ನನ್ನ ಹೆಗಲು ಹಿಡಿಯದೆ ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದ್ದನ್ನು ಅವಳು ನೋಡುತ್ತಲೇ ಇದ್ದಳು. ಅವ್ವಿ ವಾಸನೆಯ ಕತೆಯನ್ನೆಲ್ಲ ಹೇಳಿದಳು. ಕೊನೆಗೆ ಜುಟ್ಟು ಹಿಡಿದು ಎಳೆದದ್ದು ತಾನೇ ಎಂಬಂತೆ ಹೇಳಿದಳು, ನಾನು ಬಾಯಿ ಹಾಕಲಿಲ್ಲ.

ಎಲ್ಲ ಕೇಳಿದ ಮೇಲೆ ಚಿಕ್ಕಿ ವಾಕರನ್ನು ಮುಂದಕ್ಕೆ ಎಳೆದುಕೊಂಡಳು. “ಹಂಗಾರೆ ನನ್ನೂ ಕೂರ್ಸು.”

“ಎಲ್ಲಿಗೆ ಚಿಕ್ಕಿ?”

“ಮೀನು ಮಾರ್ಕೆಟ್ಟಿಗೆ. ಮತ್ತೆಲ್ಲಿಗೆ ಹೋಗೂಕೆ ಅದೆ ನಂಗೆ?”

ಸೊಂಟ ಮುರಿದ ಮೇಲೆ ಅವಳು ಆ ಜಗಲಿಯ ಮೆಟ್ಟಿಲು ಇಳಿದದ್ದು ಅದೇ ಮೊದಲು. ನಾನು ಮತ್ತು ಅವಳ ಸೊಸೆ ಸೇರಿ ಮೆಲ್ಲಗೆ ಹಿಂದಿನ ಸೀಟಿಗೆ ಸರಿಸಿ ಕೂರಿಸಿದೆವು. ಹೊಸ ರಬ್ಬರ್ ಬಳೆಯ ಸರಿಯಾಗಿ ಮೇಲೆ ಅಕ್ಕತಂಗಿ ಒತ್ತಿಕೊಂಡು ಕೂತರು. ಮಾರ್ಕೆಟ್ಟಿನ ಎದುರು ಕಾರು ನಿಲ್ಲಿಸಿ ಎರಡೂ ಕಡೆಯ ಗಾಜು ಇಳಿಸಿದೆ. ಒಳಗಿನಿಂದಲೇ ವ್ಯಾಪಾರ ಶುರುವಾಯಿತು. ಚಿಕ್ಕಿಯ ಗುರುತು ಹಿಡಿದು ಮೀನಿನ ಹೆಂಗಸರು ಬುಟ್ಟಿ ಬಿಟ್ಟು ಓಡಿಬಂದರು. ಅವರು ತಂದು ತೋರಿಸಿದ ಬಂಗಡೆಯ ಕಿವಿರು ಎತ್ತಿ ನೋಡಿ, ಮೂಸಿ, ನಿನ್ನೆಯದೆಂದು ಅವ್ವಿ ವಾಪಸು ಕಳಿಸಿದಳು. ಇವತ್ತಿನದೇ ಎಂದು ಚಿಕ್ಕಿ ಹಟ ಹಿಡಿದಳು. ಬೀದಿಯ ಈ ಬದಿ ಒಬ್ಬಳು, ಆ ಬದಿ ಒಬ್ಬಳು ಎಂಬಂತೆ ಒಂದೇ ಸೀಟಿನಲ್ಲಿ ಕೂತು ಬೊಬ್ಬೆ ಹೊಡೆದರು. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ನಾನು ಅಲುಗಾಡಲಿಲ್ಲ.

ಕೊನೆಗೆ ಇಬ್ಬರೂ ಒಪ್ಪಿದ ನೊಗ್ಲಿ ಮೀನಿನ ಚೀಲವನ್ನು ಚಿಕ್ಕಿ ತೊಡೆಯ ಮೇಲಿಟ್ಟುಕೊಂಡಳು. ಚೀಲ ತೂತಾಗಿತ್ತು, ಮೀನಿನ ನೀರೆಲ್ಲ ಸೀಟಿಗೆ ಇಳಿಯಿತು. ಅವತ್ತಿನಿಂದ ನಮ್ಮ ಕಾರಿನಲ್ಲಿ ಮೀನಿನ ವಾಸನೆ. ಗಂಡನಿಗೆ ಗೊತ್ತಾಗುವುದಿಲ್ಲ, ಅವ್ವಿಗೆ ಬೇಕೇಬೇಕು. ಪ್ರತಿ ಭಾನುವಾರ ಹೊರಡುವಾಗ ಅವಳು ಹಿಂದಿನ ಸೀಟಿನಲ್ಲಿ ಕೂತು ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾಳೆ, ಆಮೇಲೆ “ಹೋಗುವಾ” ಎನ್ನುತ್ತಾಳೆ.